ಇಳಿದಲ್ಲೇ ಹತ್ತಬೇಕು

ಅಕ್ಕ ನಮ್ಮ ಕಡೆಗೇ ಈಜುತ್ತಿದ್ದಳು. ಮುಖ ನಮ್ಮತ್ತ ಇತ್ತು, ಕಣ್ಣು ನಮ್ಮ ಮೇಲಿತ್ತು, ಕೈಗಳೆರಡೂ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದವು. ಆದರೂ ಅವಳು ದೂರ ದೂರ ಹೋಗುತ್ತಿದ್ದಳು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಈಗಲೂ ಹೊಲಿಗೆ ಯಂತ್ರದ ಮುಂದೆ ಕೂತಾಗ ಪೆಡಲಿನ ಮೇಲಿನ ಕಾಲು ಒಮ್ಮೊಮ್ಮೆ ತಾನಾಗಿ ನಿಂತುಬಿಡುತ್ತದೆ. ಸೂಜಿ ಬಟ್ಟೆಯೊಳಗೆ ಸಿಕ್ಕಿಕೊಂಡಿರುತ್ತದೆ, ಎದುರಿಗಿದ್ದ ಗಿರಾಕಿ "ಏನಾತ್ರೀ?" ಅನ್ನುತ್ತಾಳೆ. ಏನಂತ ಹೇಳಲಿ ಅವಳಿಗೆ?

ನಾನು ಸಿಂಧನೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಅಕ್ಕ ಲಿಂಗಸುಗೂರಿನಲ್ಲಿ ಖಾನಾವಳಿ ನಡೆಸುತ್ತಾಳೆ. ಅವಳು ಬಡಿದ ರೊಟ್ಟಿ ತಿನ್ನಲು ಕೋರ್ಟಿಗೆ ಬಂದವರೆಲ್ಲ ಅವಳ ಬಾಗಿಲಲ್ಲಿ ಕಾಯುತ್ತಾರೆ. ತಮ್ಮನದು ಮಸ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿ, ಅವ್ವ ಅವನ ಜೊತೆ ಇರುತ್ತಾಳೆ. ಈ ಊರುಗಳೆಲ್ಲ ಒಂದೇ ರಸ್ತೆಯ ಮೇಲಿವೆ. ನಾನು ಬಸ್ಸು ಹತ್ತಿದರೆ ಮೊದಲು ತಮ್ಮನ ಮನೆ, ಆಮೇಲೆ ಅಕ್ಕನ ಮನೆ. ಹಾಗಾಗಿ ಜಗಳವಾಡಿ ಮಾತು ಬಿಡಬೇಕೆಂದರೂ ನಮಗೆ ಅನುಕೂಲವಿಲ್ಲ. ಜಗಳವನ್ನಂತೂ ಬಿಡದೆ ಆಡುತ್ತೇವೆ.

ಅವ್ವನ ತವರು ದಢೇಸುಗೂರು. ನಾವೆಲ್ಲ ಬೆಳೆದದ್ದೂ ಅಲ್ಲೇ. ಹಿತ್ತಲು ದಾಟಿದರೆ ಭತ್ತದ ಗದ್ದೆ, ಗದ್ದೆ ದಾಟಿದರೆ ಕಾಲುವೆ. ನಮಗೆ ಈಜು ಕಲಿಸಿದವಳು ಅವ್ವ. ನಾಟಿ ಮುಗಿಸಿ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಬಂದವಳು ಸೀರೆಗೆ ಕಚ್ಚೆ ಹಾಕಿ, ನಮ್ಮನ್ನು ಒಬ್ಬೊಬ್ಬರನ್ನಾಗಿ ನೀರಿಗೆ ಬಿಡುತ್ತಿದ್ದಳು. ಬಿಡುವ ಮುಂಚೆ ನೀರಿನ ಪರೀಕ್ಷೆ. ಅದನ್ನು ಅವಳು ಕಿವಿಯಿಂದ ಮಾಡುತ್ತಿದ್ದಳು. ದಂಡೆಯ ಮೇಲೆ ನಿಂತು, ತಲೆ ಓರೆ ಮಾಡಿ, ಮಾತಾಡುವವರನ್ನು ಕೈಯಲ್ಲೇ ಸುಮ್ಮನಿರಿಸುತ್ತಿದ್ದಳು. ನೀರು ಸಪ್ಪಳ ಮಾಡುತ್ತಿದ್ದರೆ ಅಲ್ಲಿ ಎಲ್ಲೋ ಗೇಟು ತೆರೆದಿದೆ, ಇಲ್ಲವೇ ತಗ್ಗಿಗೆ ಬಿದ್ದು ತಿರುಗುತ್ತಿದೆ ಎಂದರ್ಥ. ಎಮ್ಮೆ ಬಿದ್ದರೂ ಅಲ್ಲಿ ಮೇಲೆ ಬರುವುದಿಲ್ಲ. ಸಪ್ಪಳವಿಲ್ಲದ, ಚಪ್ಪಟೆಯಾದ ನೀರು ಸಿಕ್ಕಿದರೆ "ಇಲ್ಲಿ ತಣ್ಣಗೈತಿ, ಇಳೀರಿ" ಅನ್ನುತ್ತಿದ್ದಳು. ಅವಳು ಇಳೀರಿ ಅಂದ ನೀರು ನಮಗೆ ಯಾವತ್ತೂ ಕೇಡು ಮಾಡಲಿಲ್ಲ.

ಅವಳ ಇನ್ನೊಂದು ಕಟ್ಟಳೆ ಅಂದರೆ, ಇಳಿದಲ್ಲೇ ಹತ್ತಬೇಕು. ಕಾಲುವೆಯನ್ನು ನೋಡದವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ನಮ್ಮ ಕಾಲುವೆಯ ಎರಡೂ ಮಗ್ಗಲಿಗೆ ಸಿಮೆಂಟಿನ ಇಳಿಜಾರು, ಅದರ ಮೇಲೆ ಲೋಳೆಲೋಳೆಯಾದ ಪಾಚಿ. ಮೆಟ್ಟಿಲು ಇರುವುದು ಅಲ್ಲೊಂದು ಇಲ್ಲೊಂದು ಕಡೆ. ಆ ಮೆಟ್ಟಿಲು ತಪ್ಪಿಸಿಕೊಂಡರೆ ಮುಂದಿನ ಸೇತುವೆಯ ತನಕ ಹಿಡಿಯಲು ಏನೂ ಇಲ್ಲ, ಎಂಥ ಈಜುಗಾರನಿದ್ದರೂ ಅಷ್ಟೇ. ನಾನು ಚಿಕ್ಕವಳಿದ್ದಾಗ ಕೂಲಿಗೆ ಬಂದಿದ್ದ ಒಬ್ಬಾಕೆ ಮೆಟ್ಟಿಲು ಬಿಟ್ಟು ನಡುವೆ ಎಲ್ಲೋ ಹತ್ತಲು ಹೋಗಿ ಸತ್ತಳು. ನೀರು ಇಳಿದ ಮೇಲೆ ಆ ಪಾಚಿಯಲ್ಲಿ ಅವಳ ಬೆರಳುಗಳು ಎಳೆದ ಗೆರೆಗಳಿದ್ದವು. ಅವ್ವ ನಮ್ಮನ್ನು ಕರೆದುಕೊಂಡು ಹೋಗಿ ಆ ಗೆರೆಗಳನ್ನು ತೋರಿಸಿದಳು. ಅವತ್ತು ರಾತ್ರಿ ನಾವು ಯಾರೂ ಉಣ್ಣಲಿಲ್ಲ.

ಆಮೇಲಿಂದ ನಾವು ನೀರಿನಲ್ಲಿದ್ದಷ್ಟು ಹೊತ್ತೂ ಅವ್ವ ಕೊನೆಯ ಮೆಟ್ಟಿಲ ಮೇಲೆ ಸೆರಗು ಬಿಚ್ಚಿ ಹಿಡಿದು ನಿಲ್ಲುತ್ತಿದ್ದಳು. "ನನ್ನ ಸೆರಗು ನೋಡ್ರಿ, ಬ್ಯಾರೆ ಕಡೆ ನೋಡಬ್ಯಾಡ್ರಿ, ಇಲ್ಲೇ ಬರ್ರಿ" ಎಂದು ಕೂಗುತ್ತಿದ್ದಳು. ನಾವು ನೀರಿನ ಸೆಳವಿಗೆ ಎದುರಾಗಿ ಕೈ ಬೀಸಿ, ಉಸಿರು ಕಟ್ಟಿ, ಆ ಸೆರಗನ್ನೇ ಮುಟ್ಟುತ್ತಿದ್ದೆವು. ನಮ್ಮೊಳಗೆ ಅಕ್ಕನೇ ಗಟ್ಟಿ. ನಾನು ಸೆರಗು ಹಿಡಿದು ಅಳುತ್ತಿದ್ದರೆ ಅವಳು ಮತ್ತೆ ನೀರಿಗೆ ಜಿಗಿದಿರುತ್ತಿದ್ದಳು.

ಸಮುದ್ರ ನೋಡಬೇಕೆಂಬ ಆಸೆ ಅವ್ವನದು. ಬೇಸಿಗೆಗೆ ಕಾಲುವೆ ಬಂದ್ ಆಗಿತ್ತು. ಮಸ್ಕಿ ಗುಡ್ಡದ ಕಲ್ಲುಗಳು ಕಾದು, ಮನೆಯೊಳಗೆ ಕೂತರೂ ಹಂಚಿನ ಮೇಲೆ ಕೂತಂತಾಗುತ್ತಿತ್ತು. "ಸಾಯೂದರಾಗ ಒಮ್ಮಿ ಸಮುದ್ರ ನೋಡಬೇಕಲೇ. ನಮ್ಮ ಕೆನಾಲ್ ನೀರು ಕಡೀಕ ಎಲ್ಲಿ ಹೊಕ್ಕೈತಿ ಅಂತ ನೋಡಬೇಕು" ಅಂದಳು. ತಮ್ಮ ನಕ್ಕ. "ನಮ್ಮ ನೀರು ಆ ಕಡೆ ಸಮುದ್ರಕ್ಕ ಹೊಕ್ಕೈತಬೇ, ನಾವು ಹೊಂಟಿದ್ದು ಈ ಕಡೆದಕ್ಕ."

"ಒಳಗ ಕೂಡಿರ್ತಾವ ಬಿಡು, ನಿನಗೇನು ಗೊತ್ತು" ಅಂದಳು ಅವ್ವ.

ಅಕ್ಕ ಖಾನಾವಳಿಗೆ ಬೀಗ ಹಾಕಿದಳು. ಅದೇ ಒಂದು ದೊಡ್ಡ ಸುದ್ದಿ. ಮದುವೆ ಮುಂಜಿಗೂ ಮುಚ್ಚದ ಬಾಗಿಲು ಅದು. ಬರುವ ಮುಂಚೆ ನನಗೆ ಫೋನಿನಲ್ಲಿ ಹುಕುಂ ಮಾಡಿದಳು: "ನೀರಿಗೆ ಇಳಿಯಾಕ ಚೂಡಿದಾರ ಹೊಲಿ. ಬಿಗಿ ಮಾಡಬ್ಯಾಡ, ನಾ ದಪ್ಪ ಆಗೀನಿ." ದಪ್ಪನೆಯ ಕಂದು ಬಟ್ಟೆ ತಂದು ನನಗೊಂದು, ಅವಳಿಗೊಂದು ಹೊಲಿದೆ. ಒದ್ದೆಯಾದಾಗ ಮೈ ಕಾಣಬಾರದೆಂದು ಒಳಗೆ ಅಸ್ತರ್ ಬೇರೆ ಕೊಟ್ಟೆ. ಅವ್ವನಿಗೆ ಹೊಲಿಯುತ್ತೇನೆ ಎಂದಾಗ "ಈ ವಯಸ್ಸಿನಾಗ ನನಗ ಪ್ಯಾಂಟ್ ಹಾಕಸ್ತೀ ಏನಲೇ" ಎಂದು ಬೈದು, ತನ್ನ ಹಸಿರು ಇಳಕಲ್ ಸೀರೆಯನ್ನೇ ಉಟ್ಟು ಬಂದಳು. ಕೆಂಪು ಸೆರಗಿನ ಸೀರೆ. ಅದನ್ನೂ ಹೇಳಲೇಬೇಕು, ಯಾಕೆಂದರೆ ಆಮೇಲೆ ಎಲ್ಲವೂ ಆ ಸೀರೆಯ ಮೇಲೇ ನಿಂತಿತು.

ತಮ್ಮನೇ ಗಾಡಿ ಓಡಿಸಿದ. ಘಟ್ಟ ಇಳಿದು, ಮೀನಿನ ವಾಸನೆ ಶುರುವಾಗಿ, ತೆಂಗಿನ ಮರಗಳ ನಡುವೆ ಒಮ್ಮೆಲೇ ಸಮುದ್ರ ಕಂಡಿತು. ಅವ್ವ ಚಪ್ಪಲಿ ಗಾಡಿಯಲ್ಲೇ ಬಿಟ್ಟು ಉಸುಕಿನ ಮೇಲೆ ನಿಂತಳು. ಆಮೇಲೆ ಕೇಳಿದಳು, "ಇದರ ಆಚಿ ದಂಡಿ ಎಲ್ಲೈತಿ?"

"ಅರಬಸ್ಥಾನದಾಗ" ಅಂದ ತಮ್ಮ.

ಅವಳು ನಗಲಿಲ್ಲ. ಆಚೆ ದಂಡೆ ಇಲ್ಲದ ನೀರನ್ನು ಅವಳು ಜೀವನದಲ್ಲಿ ನೋಡಿರಲಿಲ್ಲ. ಚೀಲದಿಂದ ಅರಿಷಿಣ ಕುಂಕುಮ, ಜಂಪರ್ ಬಟ್ಟೆ, ತೆಂಗಿನಕಾಯಿ ತೆಗೆದು, ಕಾಲುವೆಗೆ ಹೊಸ ನೀರು ಬಂದಾಗ ಮಾಡುವ ಹಾಗೆಯೇ ಸಮುದ್ರಕ್ಕೂ ಉಡಿ ತುಂಬಿದಳು. ಒಂದು ತೆರೆ ಬಂದು ಜಂಪರ್ ಬಟ್ಟೆಯನ್ನು ಎಳೆದುಕೊಂಡು ಹೋಯಿತು. ಅವ್ವನಿಗೆ ಬಹಳ ಸಂತೋಷವಾಯಿತು, ಗಂಗವ್ವ ತೊಗೊಂಡಳು ಅಂದಳು.

ಜನ ಬಹಳ ಇದ್ದರು. ಎಲ್ಲರೂ ತೆರೆ ಒಡೆಯುವ ಜಾಗದಲ್ಲೇ ಗುಂಪಾಗಿ ನಿಂತು, ನೊರೆ ಬಂದು ಹೊಡೆದಾಗಲೆಲ್ಲ ಕಿರುಚುತ್ತಿದ್ದರು. ಅವ್ವ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಅವಳ ಮುಖ ಸಿಂಡರಿಸಿತು. "ಇಷ್ಟು ಸಪ್ಪಳ ಐತಿ, ಇದರಾಗ ಕೂಸುಗಳನ್ನ ಇಳಿಸ್ಯಾರ. ಖಬರೈತೇನು ಇವರಿಗೆ?" ಎಂದು ಬೈಯುತ್ತ ದಂಡೆಗುಂಟ ನಡೆದಳು. ನಾವು ಚೀಲ ಹೊತ್ತು ಹಿಂದೆ ಹಿಂದೆ. ತಮ್ಮ ಗಾಡಿ ನೆರಳಿಗೆ ಹಚ್ಚಿ, ಚಹಾ ತರುತ್ತೇನೆಂದು ಆ ಕಡೆ ಹೋದ.

ಸ್ವಲ್ಪ ದೂರದಲ್ಲಿ ಅವ್ವನಿಗೆ ಬೇಕಾದ ಜಾಗ ಸಿಕ್ಕಿತು. ಎರಡೂ ಮಗ್ಗಲಿಗೆ ತೆರೆ ಒಡೆಯುತ್ತಿದ್ದವು, ನಡುವೆ ಮಾತ್ರ ನೀರು ಚಪ್ಪಟೆಯಾಗಿ, ಸ್ವಲ್ಪ ಕಪ್ಪಗೆ, ಮಲಗಿದ ಹಾಗಿತ್ತು. ನೊರೆಯಿಲ್ಲ, ಸಪ್ಪಳವಿಲ್ಲ. ಅಲ್ಲಿ ಉಸುಕಿನ ಅಂಚು ಒಳಕ್ಕೆ ಬಾಗಿತ್ತು, ಕುಪ್ಪಸದ ಕಂಕುಳಿಗೆ ಕತ್ತರಿ ಹಾಕಿದಂತೆ. ನನ್ನ ಕಸುಬಿನ ಕಣ್ಣಿಗೆ ಅದು ಬಿತ್ತು, ಚೆಂದ ಕತ್ತರಿಸಿದಂತಿದೆ ಎಂದುಕೊಂಡೆ. ಹತ್ತಿರದಲ್ಲೊಂದು ಕೆಂಪು ಬಾವುಟವೂ ಇತ್ತು. ಕೆಂಪು ಅಂದರೆ ಅಪಾಯ ಎಂದು ನನಗೂ ಗೊತ್ತು, ಅಕ್ಕನಿಗೂ ಗೊತ್ತು. ಅದು ಪಕ್ಕದ ಸಪ್ಪಳದ ನೀರಿಗೆ ನೆಟ್ಟದ್ದು ಎಂದು ನಾವು ಒಂದು ಕ್ಷಣವೂ ಅನುಮಾನವಿಲ್ಲದೆ ನಂಬಿದೆವು. ದೂರದಿಂದ ಯಾರೋ ಸೀಟಿ ಊದಿದರು. ಅದೂ ಆ ಕಿರುಚುವವರಿಗೇ ಎಂದುಕೊಂಡೆವು.

"ಇಲ್ಲಿ ತಣ್ಣಗೈತಿ, ಇಳೀರಿ" ಅಂದಳು ಅವ್ವ.

ಅಕ್ಕ ಇಳಿದಳು. ನಾನು ಮೊಣಕಾಲ ತನಕ ಹೋಗಿ ನಿಂತೆ. ನನ್ನ ಧೈರ್ಯ ಯಾವತ್ತೂ ಅಷ್ಟೇ. ಅವ್ವ ಕಚ್ಚೆ ಹಾಕಿ ಅಂಚಿನಲ್ಲಿ ಕೂತು ಚೊಂಬಿನಿಂದ ಮೈಮೇಲೆ ನೀರು ಹೊಯ್ದುಕೊಳ್ಳುತ್ತಿದ್ದಳು, ಉಪ್ಪು ಉಪ್ಪು ಎಂದು ಉಗುಳುತ್ತಿದ್ದಳು. ಅಕ್ಕ ಸೊಂಟದ ತನಕ ಹೋಗಿ ತಿರುಗಿ ನಕ್ಕಳು. "ಕಾಲ ಕೆಳಗಿನ ಉಸುಕು ಜಾರಾಕತ್ತೈತಲೇ, ಕಚಗುಳಿ ಇಟ್ಟಂಗ ಆಗ್ತೈತಿ!" ಒಲೆಯ ಮುಂದೆ ಬೆಂದು ಬೆಂದು ಸುಣ್ಣವಾದವಳು, ಹಾಗೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ಆಮೇಲೆ ಬೆನ್ನು ತಿರುಗಿಸಿ ನಾಲ್ಕು ಕೈ ಈಜಿದಳು.

ನಾಲ್ಕೇ ಕೈ. ಅಷ್ಟಕ್ಕೆ ಅವಳು ಅಷ್ಟು ದೂರ ಹೋಗಬಾರದಿತ್ತು.

ಅವಳಿಗೂ ಅದು ಹೊಳೆದಿರಬೇಕು, ತಿರುಗಿದಳು. ಕಾಲು ಊರಲು ನೋಡಿದಳು, ತಲೆ ಒಮ್ಮೆ ಮುಳುಗಿ ಮೇಲೆ ಬಂತು. ಆಗಲೂ ನನಗೆ ಹೆದರಿಕೆಯಾಗಲಿಲ್ಲ. ಕಾಲುವೆಯ ಸೆಳವನ್ನು ಗೆದ್ದವಳು ಅವಳು. ಅವಳು ನಮ್ಮತ್ತ ಕೈ ಬೀಸತೊಡಗಿದಳು, ಮೊದಲಿನ ಹಾಗೇ, ಉದ್ದ ಉದ್ದ ಕೈ. ನಾನು ಅವಳ ಹಿಂದೆ ದೂರದಲ್ಲಿದ್ದ ಒಂದು ದೋಣಿಯನ್ನು ನೋಡುತ್ತಿದ್ದೆ. ಅವಳ ತಲೆ ಆ ದೋಣಿಯ ಕಡೆಗೆ ಸರಿಯುತ್ತಿತ್ತು. ಕೈ ಇತ್ತ ಬೀಸುತ್ತಿದ್ದಾಳೆ, ಮೈ ಅತ್ತ ಹೋಗುತ್ತಿದೆ. "ಅವ್ವಾ, ಅಕ್ಕನ್ನ ನೋಡು!" ಅಂದೆ.

ಅವ್ವ ಎದ್ದಳು. ಚೊಂಬು ಎಸೆದಳು. ಅಕ್ಕ ಇಳಿದ ಜಾಗದಲ್ಲೇ ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಂಪು ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. "ನನ್ನ ಸೆರಗು ನೋಡು! ಇಲ್ಲೇ ಬಾ! ಬ್ಯಾರೆ ಕಡೆ ನೋಡಬ್ಯಾಡ, ಇಲ್ಲೇ ಬಾ!" ದಢೇಸುಗೂರಿನ ಮೆಟ್ಟಿಲ ಮೇಲೆ ಕೂಗುತ್ತಿದ್ದ ಅದೇ ದನಿ. ಅದನ್ನು ಕೇಳಿದ್ದೇ ಅಕ್ಕ ತಲೆ ತಗ್ಗಿಸಿ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿದಳು. ಎಷ್ಟು ಬಲ ಹಾಕಿದಳೋ ಅಷ್ಟೂ ದಂಡವಾಯಿತು. ಇದ್ದಲ್ಲಿಂದ ಮುಂದೆ ಬರಲಿಲ್ಲ. ಆಮೇಲೆ ಇದ್ದಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ದಂಡೆಯ ಕಾವಲಿನವನೊಬ್ಬ ಉಸುಕಿನ ಮೇಲೆ ಓಡಿ ಬಂದ. ಕೈಯಲ್ಲಿ ಕೆಂಪು ತೇಲುದಿಂಬು, ಬಾಯಲ್ಲಿ ಸೀಟಿ. ನಮಗೆ ಸೀಟಿ ಊದಿದವನು ಅವನೇ ಎಂದು ಆಗ ತಿಳಿಯಿತು. "ಇಲ್ಲಿಗೆ ಕರೀಬೇಡಿ! ಇಲ್ಲಿಗೆ ಬರ್ಲಿಕ್ಕೆ ಆಗೂದಿಲ್ಲ ಅವರಿಗೆ! ಅಡ್ಡ ಹೋಗ್ಲಿಕ್ಕೆ ಹೇಳಿ, ಪಕ್ಕಕ್ಕೆ, ತೆರೆ ಒಡೆಯುವ ಕಡೆ!" ಎಂದು ಕಿರುಚಿದ. ಪಕ್ಕಕ್ಕೆ ಓಡಿ, ಆ ಸಪ್ಪಳದ ನೀರಿಗೆ ತಾನೂ ಬಿದ್ದ. ಅವ್ವ ಯಾವುದನ್ನು ಬೈದು ಬಿಟ್ಟು ಬಂದಿದ್ದಳೋ ಅದಕ್ಕೇ.

ನಾನು "ಅಕ್ಕಾ, ಬಾಜೂಕ ಹೋಗು!" ಎಂದು ಕೂಗಿದೆ. ಅವಳಿಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಹೋಗುತ್ತಿರಲಿಲ್ಲ, ನನಗದು ಗೊತ್ತು. ಅವ್ವ ಸೆರಗು ಹಿಡಿದು ನಿಂತಿರುವಾಗ ಬೇರೆ ಕಡೆ ನೋಡುವವರು ನಾವಲ್ಲ. ಆ ಬೆರಳಿನ ಗೆರೆಗಳನ್ನು ನೋಡಿದವರು ನಾವು. ಇಡೀ ದಂಡೆಯೇ ಮೆಟ್ಟಿಲಾಗಿ ಬಿದ್ದಿತ್ತು, ಎಲ್ಲಿ ಬೇಕಾದರೂ ಹತ್ತಬಹುದಿತ್ತು. ಅಕ್ಕ ಮಾತ್ರ ತಾನು ಇಳಿದ ಒಂದು ಮೊಳ ಜಾಗಕ್ಕಾಗಿ ಸಾಯುತ್ತಿದ್ದಳು.

ಅವ್ವನ ರಟ್ಟೆ ಹಿಡಿದು ಎಳೆದೆ. "ಅವ್ವಾ, ಇಲ್ಲಿ ನಿಂದರಬ್ಯಾಡ! ಈ ಕಡೆ ನಡಿ! ನೀ ನಡದ್ರ ಅಕಿ ಬರ್ತಾಳ!"

"ನನ್ನ ಮಗಳನ್ನ ನೀರಾಗ ಬಿಟ್ಟು ಎಲ್ಲಿ ಬರ್ಲಿ? ಬಿಡು! ಬಿಡು ನನ್ನ!" ಎಂದು ಅವ್ವ ನನ್ನ ಕೆನ್ನೆಗೆ ಹೊಡೆದಳು. ಮದುವೆಯಾಗಿ ಮಕ್ಕಳಾದ ಮೇಲೆ ಅವಳ ಕೈಯಿಂದ ತಿಂದ ಮೊದಲ ಏಟು. ನಾನು ಆಯ ತಪ್ಪಿ ನೀರಿನಲ್ಲೇ ಕೂತುಬಿಟ್ಟೆ.

ಅಕ್ಕನ ತಲೆ ಮತ್ತೆ ಮುಳುಗಿತು. ಮೇಲೆ ಬಂದಾಗ ಬಾಯಿ ಮಾತ್ರ ಆಕಾಶದ ಕಡೆ ತೆರೆದಿತ್ತು. ಕೈ ಬೀಸುವುದು ನಿಂತಿತ್ತು.

ಆಗ ಅವ್ವ ಓಡಿದಳು. ಒಮ್ಮೆಲೇ, ಯಾರೂ ಎಳೆಯದೆ, ಸೆರಗನ್ನು ನೀರಿನಲ್ಲಿ ಎಳೆದುಕೊಂಡು ದಂಡೆಗುಂಟ ಓಡಿದಳು. ಮೊಣಕಾಲು ನೋವೆಂದು ಮಸ್ಕಿಯಲ್ಲಿ ಅಂಗಳ ದಾಟಲು ಗೋಡೆ ಹಿಡಿಯುವವಳು ಓಡಿದ ಓಟ ಅದು! ಹಸಿರು ಸೀರೆ, ಅದರ ಹಿಂದೆ ಕೆಂಪು ಸೆರಗು. ಅಷ್ಟು ಜನರ ನಡುವೆ ಅದೊಂದೇ ಎದ್ದು ಕಾಣುತ್ತಿತ್ತು.

ಅಕ್ಕನ ತಲೆ ತಿರುಗಿತು. ಅದನ್ನು ನೋಡಿ ನಾನು ಎದ್ದು ನಿಂತೆ. ಒಂದು ಕೈ ಮೇಲೆದ್ದಿತು, ಇನ್ನೊಂದು ಕೈ ಎದ್ದಿತು. ನೇರವಾಗಿ ಅಲ್ಲ, ಅಡ್ಡಕ್ಕೆ, ಸೀರೆ ಹೋದ ಕಡೆಗೆ. ಬರುಬರುತ್ತ ಅವಳು ಆ ಚಪ್ಪಟೆ ನೀರಿನಿಂದ ಹೊರಗೆ ಬಿದ್ದಳು. ಒಂದು ತೆರೆ ಬಂದು ಅವಳ ಬೆನ್ನಿಗೆ ಗುದ್ದಿತು, ಮುಂದಕ್ಕೆ ಎಸೆಯಿತು. ಇನ್ನೊಂದು ಎಸೆಯುವಷ್ಟರಲ್ಲಿ ಕಾವಲಿನವನು ಅವಳ ಕಂಕುಳಿಗೆ ತೇಲುದಿಂಬು ತೂರಿಸಿದ್ದ. ಸಪ್ಪಳ ಮಾಡುತ್ತಿದ್ದ ಆ ನೀರೇ ಅವಳನ್ನು ಹೊತ್ತು ತಂದು ದಂಡೆಗೆ ಹಾಕಿತು.

ಅವಳು ಉಸುಕಿನ ಮೇಲೆ ಬೋರಲಾಗಿ ಬಿದ್ದು ಕಾರಿದಳು. ತುಟಿ ನೀಲಿಯಾಗಿತ್ತು. ನಾನು ಹೊಲಿದ ಚೂಡಿದಾರ, ಅಸ್ತರ್ ಕೊಟ್ಟು ದಪ್ಪ ಮಾಡಿದ್ದು, ನೀರು ಕುಡಿದು ಕಲ್ಲಾಗಿ ಕಾಲಿಗೆ ಸುತ್ತಿಕೊಂಡಿತ್ತು. ಅದರ ಅಂಚನ್ನು ಹಿಡಿದು ಎತ್ತಿ ನೋಡಿದೆ. ಇಷ್ಟು ಭಾರ ಕಟ್ಟಿಕೊಂಡು ಅವಳು ಈಜಿದ್ದಳೇ?

ಹೆದರಿಕೆ ಇಳಿಯುತ್ತಿದ್ದ ಹಾಗೆ ನನಗೆ ಸಿಟ್ಟು ಬರುತ್ತದೆ. ಹುಟ್ಟುಗುಣ. ಕಾವಲಿನವನ ಮೇಲೇ ಹರಿಹಾಯ್ದೆ. "ಇಷ್ಟು ತಣ್ಣಗ ಇರೋ ನೀರಿನಾಗ ಹಿಂಗ ಐತಿ ಅಂತ ಬೋರ್ಡ್ ಹಾಕಾಕ ಏನಾಗಿತ್ರೀ ನಿಮಗ?"

ಅವನು ಏದುಸಿರು ಬಿಡುತ್ತ ನನ್ನ ಹಿಂದಕ್ಕೆ ಕೈ ತೋರಿಸಿದ. ತಿರುಗಿ ನೋಡಿದೆ. ಬೋರ್ಡು ಅಲ್ಲೇ ಇತ್ತು. ಅದರ ಮೇಲೆ ನಮ್ಮ ಟವೆಲ್‌ಗಳನ್ನೂ ರೊಟ್ಟಿಯ ಚೀಲವನ್ನೂ ನೇತುಹಾಕಿದ್ದೆವು. ಅವನೇ ಹೋಗಿ ಟವೆಲ್ ಸರಿಸಿದ. ತೆರೆ ಒಡೆಯದ ಜಾಗದಲ್ಲಿ ನೀರು ವಾಪಸ್ ಒಳಕ್ಕೆ ಹೋಗುತ್ತದೆ, ಅಲ್ಲಿ ಇಳಿಯಬೇಡಿ. ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಬೇಡಿ, ಅಡ್ಡಕ್ಕೆ ಈಜಿ ಹೊರಬನ್ನಿ, ಕೈ ಸೋತರೆ ಸುಮ್ಮನೆ ತೇಲಿ, ಕೈ ಎತ್ತಿ ಕರೆಯಿರಿ ಎಂದೆಲ್ಲ ಬರೆದಿತ್ತು. ಶುದ್ಧ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಚಿತ್ರದ ಸಮೇತ. ನಾನು ರೊಟ್ಟಿಯ ಚೀಲವನ್ನು ಅದರಿಂದ ಇಳಿಸಿದೆ.

"ಬಯಲುಸೀಮೆಯವರು ಹೆಚ್ಚಿನವರು ಇಲ್ಲೇ ಇಳೀತಾರೆ" ಅಂದ ಅವನು. ಬೈದು ಹೇಳಲಿಲ್ಲ, ದಣಿದು ಹೇಳಿದ. "ಶಾಂತ ಇದೆ ಅಂತ. ಈಗ ಎದ್ದು ಕೂತಿದ್ದಾರೆ ಅಂತ ಸುಮ್ಮನಿರಬೇಡಿ, ನೀರು ಒಳಗೆ ಹೋಗಿರ್ತದೆ, ಆಸ್ಪತ್ರೆಗೆ ತೋರಿಸಿ." ಚಹಾದ ಕಪ್ಪುಗಳನ್ನು ಹಿಡಿದುಕೊಂಡು ಬಂದ ತಮ್ಮ ಆಗಷ್ಟೇ ನಮ್ಮನ್ನು ಕಂಡು, "ಯಾಕ ಎಲ್ಲಾರೂ ಕುಂತೀರಿ?" ಅಂದ. ಅವನು ಚಹಾ ತರುವಷ್ಟರಲ್ಲಿ ಇದೆಲ್ಲ ಆಗಿ ಮುಗಿದಿತ್ತು. ನನಗೆ ಅದನ್ನು ನಂಬಲು ಆಗಲಿಲ್ಲ, ಈಗಲೂ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಅಕ್ಕನನ್ನು ಸಂಜೆಯ ತನಕ ಇಟ್ಟುಕೊಂಡು ಕಳಿಸಿದರು. ಊರಿಗೆ ಬರುವ ದಾರಿಯುದ್ದಕ್ಕೂ ಅವ್ವ ತಲೆ ಎತ್ತಲಿಲ್ಲ. ಅಕ್ಕನ ಒದ್ದೆ ಕೂದಲನ್ನು ತನ್ನ ತೊಡೆಯ ಮೇಲೆ ಹರವಿಕೊಂಡು ಕೂತಿದ್ದಳು. ಅವಳಿಗೆ ನಾಚಿಕೆಯಾಗಿದೆ, ನೀರು ಆರಿಸುವುದರಲ್ಲಿ ಮೊದಲ ಬಾರಿಗೆ ಸೋತಳಲ್ಲ ಎಂದು ನಾನು ತಿಳಿದೆ.

ನಾನಂತೂ ಸಿಂಧನೂರಿಗೆ ಬಂದವಳೇ ಬಾಯಿ ಬಿಚ್ಚಿದೆ. ಹೇಳದೆ ಇದ್ದರೆ ನಿದ್ದೆ ಬರುತ್ತಿರಲಿಲ್ಲ. ಬ್ಲೌಸಿನ ಅಳತೆ ಕೊಡಲು ಬಂದವರಿಗೆಲ್ಲ ತೋಳು ಅಳೆಯುತ್ತ ಇದನ್ನೇ ಹೇಳಿದೆ. ರಜೆಗೆ ಸಮುದ್ರಕ್ಕೆ ಹೊರಟವರನ್ನು ಹಿಡಿದು ಕೂರಿಸಿ, ತಣ್ಣಗಿದ್ದಲ್ಲಿ ಇಳಿಯಬೇಡಿ, ಇಳಿದಲ್ಲೇ ಹತ್ತಬೇಕೆಂದು ಒದ್ದಾಡಬೇಡಿ, ಬೋರ್ಡಿಗೆ ಟವೆಲ್ ಹಾಕಬೇಡಿ ಎಂದು ತಲೆ ತಿಂದೆ. ಪಕ್ಕದ ಹಳ್ಳಿ ಆರ್.ಎಚ್. ಕ್ಯಾಂಪಿನಿಂದ ಬರುವ ನನ್ನ ಹಳೆಯ ಗಿರಾಕಿಯೊಬ್ಬಳು ಕೇಳಿದ ಮೇಲೆ ಮಗನಿಗೆ ಅಲ್ಲೇ ಫೋನ್ ಹಚ್ಚಿ, ಗೆಳೆಯರ ಜೊತೆ ಹೊರಟಿದ್ದವನಿಗೆ ನನ್ನಿಂದಲೇ ಮತ್ತೊಮ್ಮೆ ಹೇಳಿಸಿದಳು. ಎಲ್ಲರಿಗೂ ಕಥೆಯ ಕೊನೆಯಲ್ಲಿ ನಾನು ಹೇಳುತ್ತಿದ್ದುದು ಅವ್ವನ ಬುದ್ಧಿಯನ್ನು. ಸಮುದ್ರವನ್ನೇ ನೋಡದ ಮುದುಕಿ, ಕಾವಲಿನವನ ಒಂದು ಮಾತಿನಲ್ಲಿ ಎಲ್ಲ ತಿಳಿದುಕೊಂಡಳು. ತಾನು ಸರಿದರೆ ಮಗಳು ಸರಿಯುತ್ತಾಳೆಂದು ಓಡಿದಳು. ಓಡಿ ಮಗಳ ಜೀವ ಉಳಿಸಿದಳು. ಹೇಳುವಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು. ಕೆನ್ನೆಗೆ ಬಿದ್ದ ಏಟನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ.

ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟರು. ಹೊಸ ನೀರಿಗೆ ಉಡಿ ತುಂಬಲು ಅವ್ವ ವರ್ಷವೂ ದಢೇಸುಗೂರಿಗೆ ಹೋಗುತ್ತಾಳೆ. ಈ ಸಲ ಹೋಗುವುದಿಲ್ಲ ಅಂದಳು. ಅಕ್ಕನೇ ಲಿಂಗಸುಗೂರಿನಿಂದ ಬಂದು, ಮಸ್ಕಿಯಲ್ಲಿ ಇಳಿದು, ಅವಳನ್ನು ಎಬ್ಬಿಸಿಕೊಂಡು ಬಂದಳು. ನಾನು ಸಿಂಧನೂರಿನಲ್ಲಿ ಜೊತೆಯಾದೆ.

ನೀರು ಕೆಂಪಗೆ, ಕಸಕಡ್ಡಿ ಹೊತ್ತು ಬರುತ್ತಿತ್ತು. ಅವ್ವ ಅರಿಷಿಣ ಕುಂಕುಮ ಹಾಕಿ, ಹಳೆಯ ಮೆಟ್ಟಿಲ ಮೇಲೆ ಸುಮ್ಮನೆ ನಿಂತಳು. ತಲೆ ಓರೆ ಮಾಡಲಿಲ್ಲ. ಹಳ್ಳಿಯ ಹೆಂಗಸರು "ಹ್ಯಾಂಗೈತಬೇ ನೀರು, ಇಳೀಬೌದೇನು?" ಎಂದು ರೂಢಿಯಂತೆ ಕೇಳಿದರು. "ನನಗೇನು ಗೊತ್ತು, ನೀವ ನೋಡಿಕೊಳ್ರಿ" ಅಂದಳು. ಅವರೆಲ್ಲ ಮುಖ ಮುಖ ನೋಡಿಕೊಂಡು ಮೇಲಿನ ಮೆಟ್ಟಿಲಲ್ಲೇ ಕಾಲು ತೊಳೆದು ಹೋದರು.

ನಾವು ಮೂವರೇ ಉಳಿದಾಗ ಅಕ್ಕ ಮಾತು ತೆಗೆದಳು. ಅಷ್ಟು ದಿನ ಅವಳು ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

"ಅವತ್ತು ನೀ ಓಡಿದ್ದು ಕಂಡಿತಬೇ ನನಗ. ಅವ್ವ ನನ್ನ ಬಿಟ್ಟು ಹೊಂಟಳು ಅಂದುಕೊಂಡೆ. ಕೈ ಸೋತಿದ್ದವು, ಸಾಯಾಕ ತಯಾರಾಗಿದ್ದೆ. ಖರೇನ ಹೇಳ್ತೀನಿ, ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಬಿಟ್ಟು ಹ್ಯಾಂಗ ಹೊಕ್ಕಾಳ ಅಕಿ, ಹಿಡದು ಕೇಳಬೇಕು ಅಂತ ಬೆನ್ನು ಹತ್ತಿದೆ. ಅಡ್ಡ ಈಜಬೇಕು ಅಂತ ನನಗೇನು ಗೊತ್ತಿತ್ತು?"

ನಾನು ನಕ್ಕೆ. ನಗುತ್ತಲೇ, "ಅವ್ವಗ ಗೊತ್ತಿತ್ತಲ್ಲ! ನಿನ್ನ ಎಳಕೊಳ್ಳಾಕನ ಓಡಿದಳು ಅಕಿ" ಅಂದೆ.

ಅವ್ವ ನೀರನ್ನು ನೋಡುತ್ತಿದ್ದಳು.

"ಅಕಿ ಅಂದುಕೊಂಡಿದ್ದು ಖರೇ" ಅಂದಳು. "ಅಕಿ ಕೈ ನಿಂತಿದ್ದು ನೋಡಿದೆ. ಹೋದಳು ಅಂದುಕೊಂಡೆ. ಮಗಳು ಮುಳುಗೂದು ನಿಂತು ನೋಡಲಾರದಕ್ಕ ಮಕ ತಿರುವಿ ಓಡಿದೆ."

ನನ್ನ ನಗು ಬಾಯಲ್ಲೇ ಉಳಿಯಿತು. ಇಷ್ಟು ತಿಂಗಳು ಊರಿಗೆಲ್ಲ ಹೇಳಿದ ಕಥೆ ಕಣ್ಣೆದುರಿಗೇ ಬಿಚ್ಚಿಹೋಯಿತು. ಯಾರೂ ಏನನ್ನೂ ತಿಳಿದು ಮಾಡಿರಲಿಲ್ಲ. ಒಬ್ಬಳು ಕೈ ಬಿಟ್ಟು ಓಡಿದ್ದಳು, ಇನ್ನೊಬ್ಬಳು ಸಿಟ್ಟಿನಿಂದ ಬೆನ್ನು ಹತ್ತಿದ್ದಳು, ಅಷ್ಟರ ಮೇಲೆ ಒಂದು ಜೀವ ಉಳಿದಿತ್ತು. ಅವ್ವ ಇನ್ನೊಂದೇ ಕ್ಷಣ ಧೈರ್ಯ ತಂದುಕೊಂಡು ಅಲ್ಲೇ ನಿಂತಿದ್ದರೆ? ಅಕ್ಕನ ಮುಖ ನೋಡಲು ನನಗೆ ಆಗಲಿಲ್ಲ.

ಅಕ್ಕ ಬಗ್ಗಿ, ಅವ್ವನ ಸೆರಗಿನ ತುದಿಯನ್ನು ತನ್ನ ಮುಂಗೈಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು.

"ಈಗ ಹೆಂಗ ಓಡ್ತೀ ನೋಡೂಣು" ಎಂದು ಹೇಳಿ ಮೆಟ್ಟಿಲು ಇಳಿದಳು.